ನೆಲ ಡೊಂಕು

ಕುಣಿಯಲಾರದ ಸೂಳೆ ನೆಲ ಡೊಂಕು ಅಂದಳಂತೆ. ನೆಪ ಹೇಳುವವರನ್ನು ಹಂಗಿಸಲು ಕನ್ನಡದವರಿಗೆ ಮೊದಲು ನೆನಪಾಗುವ ಗಾದೆ ಇದು. ಶಾಲೆಗೆ ಬರುವಾಗ ಮರ್ಯಾದೆಗೆ ಅಂಜಿ 'ಕುಣಿಯಲಾರದವಳು' ಎಂದು ತಿದ್ದಿಕೊಂಡು ಬರುತ್ತದೆ. ಗಾದೆಯ ವಿಸ್ತರಣೆಗೆಂದು ಮೂವತ್ತೊಂದು ವರ್ಷ ಅದನ್ನು ಕರಿಹಲಗೆಯ ಮೇಲೆ ಬರೆದವಳು ನಾನು. ಅದರಲ್ಲಿ ನೆಪ ಹೇಳುವವಳು ಹೆಂಗಸು, ಅದೂ ಊರಿನ ಗಂಡಸರು ತಮ್ಮ ಖುಷಿಗೆ ಕುಣಿಸಿದ ಹೆಂಗಸು. ಪಾಪ, ಅವಳು ದೂರಿದ್ದು ನೆಲವನ್ನು. ನೆಲಕ್ಕೇನೂ ಆಗುವುದಿಲ್ಲ, ಮರುದಿನ ಸಗಣಿ ಸಾರಿಸಿದರೆ ಮುಗಿಯಿತು. ನಮ್ಮ ಗಂಡಸರು ಡೊಂಕು ಅನ್ನುವ ನೆಲಕ್ಕೆ ಮಾತ್ರ ಜೀವ ಇರುತ್ತದೆ, ಹೆಸರಿರುತ್ತದೆ, ಹಾಜರಿ ಪುಸ್ತಕದಲ್ಲಿ ಒಂದು ನಂಬರೂ ಇರುತ್ತದೆ.

ನಾನು 1990ರಿಂದ 2021ರವರೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದೆ. ಈಗ ಈ ನಾಲ್ಕನ್ನು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂದು ಬೇರೆ ಬೇರೆ ತಾಲೂಕು ಮಾಡಿದ್ದಾರೆ. ನನ್ನ ಲೆಕ್ಕದಲ್ಲಿ ಇನ್ನೂ ನಾಲ್ಕೇ. ಇಂಡಿಯ ಕಡೆ ಲಿಂಬೆಯ ತೋಟ, ಸಿಂದಗಿಯ ಕಡೆ ತೊಗರಿ, ಹತ್ತಿ. ಬಾಗೇವಾಡಿ, ಮುದ್ದೇಬಿಹಾಳದ ಕೆಲವು ಹೊಲಗಳಿಗೆ ಕೃಷ್ಣೆಯ ಕಾಲುವೆ ಬಂತು, ಕೆಲವಕ್ಕೆ ಬರಲಿಲ್ಲ. ಊರಿಂದ ಊರಿಗೆ ಮಾತಿನ ರಾಗ ಬೇರೆ, ರೊಟ್ಟಿಯ ದಪ್ಪ ಬೇರೆ. ಒಂದು ವಿಷಯದಲ್ಲಿ ಮಾತ್ರ ನಾಲ್ಕೂ ತಾಲೂಕು ಒಂದೇ ಪಠ್ಯಪುಸ್ತಕ ಓದಿದಂತೆ ಮಾತಾಡುತ್ತವೆ. ಒಬ್ಬ ಹುಡುಗಿಯ ಮೈಮೇಲೆ ಬಿದ್ದ ಗಂಡಸಿನ ಪರವಾಗಿ ಏನು ಹೇಳಬೇಕು ಎಂಬುದು ಎಲ್ಲ ಕಟ್ಟೆಗಳಿಗೂ ಬಾಯಿಪಾಠ.

2025ರ ಆಗಸ್ಟ್ ಮೊದಲ ವಾರ ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಮೂವರು ಗಂಡಸರು ಮೊಬೈಲಿನಲ್ಲಿ ಸುದ್ದಿ ಹಚ್ಚಿಕೊಂಡು ಕೂತಿದ್ದರು. ಆಗಸ್ಟ್ 1ರಂದು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರದ ಅಪರಾಧಿ ಎಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ತೀರ್ಮಾನಿಸಿತ್ತು. ಮರುದಿನ, ಬದುಕಿರುವವರೆಗೂ ಜೈಲು ಎಂದು ಶಿಕ್ಷೆ ಕೊಟ್ಟಿತ್ತು. ಬಸ್ಸಿನವರ ಸಿಟ್ಟು ಇದ್ದದ್ದು ಶಿಕ್ಷೆಗೆ ಮೊದಲು ಆತ ನ್ಯಾಯಾಧೀಶರ ಮುಂದೆ ಆಡಿದನೆಂದು ಪತ್ರಿಕೆಗಳಲ್ಲಿ ಬಂದ ಮಾತಿನ ಮೇಲೆ. ತಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು, ಯಾವಾಗಲೂ ಮೆರಿಟ್ ಮೇಲೆ ಪಾಸಾದವನು, ರಾಜಕೀಯದಲ್ಲಿ ಬೇಗ ಬೆಳೆದದ್ದೇ ತಾನು ಮಾಡಿದ ತಪ್ಪು ಎಂದು ಆತ ಅತ್ತನಂತೆ. "ಮೆರಿಟ್ ಸ್ಟೂಡೆಂಟ್ ಅಂತ ನೋಡಪಾ! ಮನಿಗೆಲಸದ ಹೆಣ್ಮಗಳ ಮ್ಯಾಲೆ ಬೀಳಾಕ ಯಾವ ಯೂನಿವರ್ಸಿಟಿಯಾಗ ರ್‍ಯಾಂಕ್ ಕೊಡ್ತಾರಪಾ?" ಎಂದು ಒಬ್ಬ ಹಲ್ಲು ಕಡಿದ. ಇನ್ನೊಬ್ಬ, ಇಂಥವರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೇಣು ಹಾಕಬೇಕು ಅಂದ. ನನಗೂ ಒಳಗೊಳಗೇ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಮೂರನೆಯವನು ತಮ್ಮೂರಿನ ಸುದ್ದಿ ತೆಗೆದ. ಅಲ್ಲಿಯೂ ಒಬ್ಬಳಿಗೆ ಏನೋ ಆಗಿದೆ, ಕೇಸೂ ಆಗಿದೆ. ಆಗ ನೇಣು ಹಾಕಬೇಕು ಅಂದವನೇ ದನಿ ತಗ್ಗಿಸಿ ಹೇಳಿದ: "ಆದ್ರ ಆಕಿನೂ ಅಷ್ಟ ಸಾಚಾ ಇಲ್ಲ ಬಿಡು. ಹುಡುಗನ ಬಾಳೇವು ಹಾಳಾತು."

ಹಾಸನದ ನೆಪ ಕೇಳಿ ಉಗಿದ ಬಾಯಿ ತನ್ನೂರಿನ ನೆಪವನ್ನು ತಾನೇ ಹೇಳಿತು. ನನ್ನ ತಕರಾರು ಇಷ್ಟೇ: ನೆಪ ಆರೋಪಿಯ ತಲೆಯಲ್ಲಿ ಹುಟ್ಟುವುದಿಲ್ಲ. ನಾವು ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಅದನ್ನು ಬೀಸಿ, ಹಿಟ್ಟು ಮಾಡಿ, ಗಡಿಗೆಯಲ್ಲಿ ತುಂಬಿಟ್ಟಿರುತ್ತೇವೆ. ಬೇಕಾದಾಗ ಆತ ಬಂದು ಒಂದು ಬೊಗಸೆ ಒಯ್ಯುತ್ತಾನೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ವಕೀಲ ಗೆಳತಿಯರು ನನ್ನನ್ನು ಬಿಡುವುದಿಲ್ಲ. 'ನಾನು ಮಾಡಿಲ್ಲ' ಅನ್ನುವುದು ನೆಪವಲ್ಲ. ಅದು ಪ್ರತಿವಾದ. ಅದನ್ನು ಹೇಳುವ ಹಕ್ಕು ಎಂಥ ಆರೋಪಿಗೂ ಇದೆ, ಕೇಳುವ ಕರ್ತವ್ಯ ನ್ಯಾಯಾಲಯಕ್ಕಿದೆ, ಸಾಕ್ಷಿ ಸಾಲದೆ ಬಿಡುಗಡೆಯಾದವನ ಮೇಲೆ ಕಲ್ಲೆಸೆಯುವ ಅಧಿಕಾರ ನಮಗಿಲ್ಲ. ಹಾಸನದ ಪ್ರಕರಣದಲ್ಲೂ ಮೇಲ್ಮನವಿ ಹೋಗಿದೆ, ಹೋಗಲಿ. ನಾನು ಹೇಳುತ್ತಿರುವ ನೆಪದ ಜಾತಿಯೇ ಬೇರೆ. ಮಾಡಿದ್ದೇನೆ ಎಂದು ಅದು ಒಪ್ಪುವುದಿಲ್ಲ, ಮಾಡಿಲ್ಲ ಎಂದು ಎದೆ ತಟ್ಟುವುದೂ ಇಲ್ಲ. ನಾನು ಎಂಜಿನಿಯರು ಅನ್ನುತ್ತದೆ. ನನ್ನ ಅಪ್ಪ ಅವ್ವನ ಮುಖ ನೋಡಿ ಆರು ತಿಂಗಳಾಯಿತು ಅನ್ನುತ್ತದೆ. ಇದೇ ಮನುಷ್ಯ 2024ರ ಏಪ್ರಿಲ್ ಕೊನೆಯಲ್ಲಿ, ತನ್ನ ಕ್ಷೇತ್ರದ ಮತದಾನ ಮುಗಿದ ಬೆನ್ನಿಗೇ, ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹಾರಿದ್ದ. ತಿಂಗಳ ಮೇಲೆ ಅಲ್ಲಿಂದ ಒಂದು ವಿಡಿಯೋ ಕಳಿಸಿ, ಇದೆಲ್ಲ ರಾಜಕೀಯ ಷಡ್ಯಂತ್ರ, ತಾನು ಖಿನ್ನತೆಗೆ ಜಾರಿದ್ದೆ ಎಂದು ಹೇಳಿದ. ಅದೇ ಮೇ 30ರಂದು ನಾಡಿನ ಮೂಲೆಮೂಲೆಯಿಂದ ಹೆಂಗಸರು, ಸಂಘಟನೆಯವರು ಹಾಸನಕ್ಕೆ ಹೋಗಿ ಬೀದಿ ತುಂಬಿದರು. ಅದೇ ನಡುರಾತ್ರಿ ಕಳೆದ ಮೇಲೆ ಆತ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದ, ಬಂಧನವಾಯಿತು. ಕೊನೆಗೆ ನ್ಯಾಯಾಲಯದಲ್ಲಿ, ಇಷ್ಟು ಜನ ಹೆಂಗಸರು ಅನ್ನುತ್ತೀರಲ್ಲ, ಅವರು ಆಗಲೇ ಯಾಕೆ ದೂರು ಕೊಡಲಿಲ್ಲ ಎಂದೂ ಕೇಳಿದನಂತೆ. ಮಾಜಿ ಪ್ರಧಾನಿಯ ಮೊಮ್ಮಗನ ತೋಟದ ಮನೆಯಲ್ಲಿ ಕೂಲಿಗಿದ್ದ ಹೆಂಗಸು ಆಗಲೇ ಯಾಕೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲಿಲ್ಲ ಅನ್ನುವುದಕ್ಕೆ ಉತ್ತರ ಹಾಸನ ಜಿಲ್ಲೆಯ ದನಕಾಯುವ ಹುಡುಗನಿಗೂ ಗೊತ್ತು.

ಮುಳ್ಳು ಸೆರಗಿನ ಮೇಲೆ ಬಿದ್ದರೂ ಸೆರಗು ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ ಎಂದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೇಳಿ ಹೇಳಿ ಬೆಳೆಸುತ್ತಾರೆ. ಆ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಗಳಲ್ಲಿ ಒಂದಾದದ್ದು ಆ ಹೆಂಗಸಿನ ಸೀರೆ. ಅದರ ಮೇಲಿದ್ದ ಕುರುಹು ಡಿಎನ್‌ಎ ಪರೀಕ್ಷೆಯಲ್ಲಿ ಆತನದೇ ಎಂದು ಬಂತು.

ದೊಡ್ಡವರ ಸುದ್ದಿ ಸಾಕು. ನನ್ನ ಕಣ್ಣೆದುರಿಗೆ ನಡೆದದ್ದೊಂದನ್ನು ಹೇಳುತ್ತೇನೆ. ನಾಲ್ಕು ತಾಲೂಕುಗಳಲ್ಲಿ ಯಾವುದು ಎಂದು ಕೇಳಬೇಡಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ. ಅಪ್ಪ ಅವ್ವ ದೀಪಾವಳಿ ಮುಗಿಸಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗಿದ್ದರು. ನಮ್ಮ ಕಡೆ ಅರ್ಧ ಕೇರಿ ಹಾಗೆ ಖಾಲಿಯಾಗುತ್ತದೆ. ಮನೆಯಲ್ಲಿ ಅಜ್ಜಿ, ಈ ಹುಡುಗಿ, ಒಬ್ಬ ಸಣ್ಣ ತಮ್ಮ. ಅಜ್ಜಿ ಕಸ ತೆಗೆಯಲು ಹೋಗುತ್ತಿದ್ದ ಹೊಲದ ಧಣಿಯ ಮಗ, ಇಪ್ಪತ್ತಾರು ವರ್ಷದವನು. ಹುಡುಗಿ ಹದಿನೈದು ದಿನ ಶಾಲೆಗೆ ಬರಲಿಲ್ಲ. ನಾನು ಮನೆಗೆ ಹೋದಾಗ ಅಜ್ಜಿ ಬಾಗಿಲಲ್ಲೇ ನಿಂತು, "ಆಗಬಾರದ್ದು ಆಗಿ ಹೋಗೇತ್ರಿ ಅಕ್ಕೋರ" ಅಂದಳು.

ಆ ಮಾತು ಕೇಳಿ ಬಂದ ರಾತ್ರಿ ಕನ್ನಡ ಕಲಿಸುವವಳಾಗಿ ನನಗೆ ನಿದ್ದೆ ಬರಲಿಲ್ಲ. ಆಗಬಾರದ್ದು ಆಗಿ ಹೋಯಿತು. ದ್ರಾಕ್ಷಿ ತೋಟದ ಮೇಲೆ ಆಲಿಕಲ್ಲು ಬಿದ್ದ ಹಾಗೆ, ಡೋಣಿ ಉಕ್ಕಿ ಹೊಲ ಕೊಚ್ಚಿಹೋದ ಹಾಗೆ. ಕರ್ತೃ ಎಲ್ಲಿ? ವ್ಯಾಕರಣದಲ್ಲಿ ಕರ್ತೃವಿಲ್ಲದ ವಾಕ್ಯ ಬರೆದರೆ ಮಕ್ಕಳ ಅಂಕ ಕಳೆಯುತ್ತಿದ್ದೆ. ಇದೊಂದು ಸಂಗತಿಗೆ ಮಾತ್ರ ನಮ್ಮ ಇಡೀ ಭಾಷೆ ಕರ್ತೃವನ್ನು ಮನೆಯೊಳಗೆ ಬಚ್ಚಿಟ್ಟು ಬಾಗಿಲು ಹಾಕಿಕೊಳ್ಳುತ್ತದೆ. 'ಕೆಟ್ಟಳು', 'ಹೊಟ್ಟೆಯಾಯಿತು', 'ಮಾನ ಹೋಯಿತು'. ಪತ್ರಿಕೆಯವರು ಸ್ವಲ್ಪ ಓದಿದವರಾದ್ದರಿಂದ 'ಅತ್ಯಾಚಾರಕ್ಕೆ ಒಳಗಾದಳು' ಎಂದು ಬರೆಯುತ್ತಾರೆ, ಬಸ್ಸಿನೊಳಗೆ ಹೋದಳು ಅನ್ನುವ ಹಾಗೆ. ಮಾನ ಯಾರದು ಹೋಗಬೇಕಿತ್ತೋ ಅವನ ಮಾನ ಒಂದು ಗುಂಜಿ ಕೂಡ ಕಡಿಮೆಯಾಗದಂತೆ ಶಬ್ದಗಳನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಅಜ್ಜಿಯನ್ನು ನಾನು ದೂರುವುದಿಲ್ಲ. ನಾಳೆ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕಾದವಳು ಕರ್ತೃವಿನ ಹೆಸರು ಹೇಗೆ ಹೇಳಿಯಾಳು?

ಅವ್ವ ಸುದ್ದಿ ತಿಳಿದು ಕಬ್ಬಿನ ಗಾಡಿ ಬಿಟ್ಟು ಬಂದಳು. ಊರಿನ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತರು. ನಾನೂ ಹೋಗಿ ಕೂತೆ, ಕರೆಯದಿದ್ದರೂ. ಅಂದು ಎರಡು ತಾಸಿನಲ್ಲಿ ಕೇಳಿದ ನೆಪಗಳನ್ನು ನಾನು ಸಾಯುವವರೆಗೂ ಮರೆಯುವವಳಲ್ಲ. ಹುಡುಗ ಕುಡಿದಿದ್ದ. ಹುಡುಗಬುದ್ಧಿ. (ಇಪ್ಪತ್ತಾರು ವರ್ಷದವನಿಗೆ ಹುಡುಗಬುದ್ಧಿ, ಹದಿನಾಲ್ಕರವಳಿಗೆ ಮಾತ್ರ ತಿಳಿವಳಿಕೆ ಬೇಕು.) ಆಕೆ ಅವನ ಹತ್ತಿರ ಫೋನಿಗೆ ಕರೆನ್ಸಿ ಹಾಕಿಸಿಕೊಂಡಿದ್ದಳಂತೆ. ಒಮ್ಮೆ ಅವನ ಟ್ರ್ಯಾಕ್ಟರಿನ ಮೇಲೆ ಕೂತು ಸಂತೆಗೆ ಹೋಗಿದ್ದಳಂತೆ. ಹೆಣ್ಣುಮಗಳನ್ನು ಬಿಟ್ಟು ದುಡಿಯಲು ಹೋದದ್ದು ಅಪ್ಪ ಅವ್ವನ ತಪ್ಪು. ಇದನ್ನು ಹೇಳಿದವರೇ ಆ ಅಪ್ಪನಿಗೆ ಕಬ್ಬಿನ ಮುಂಗಡ ಕೊಡಿಸಿದವರು. ಕೊನೆಗೆ ಬಂತು ಔದಾರ್ಯದ ನೆಪ: "ಬೇಕಾದ್ರ ಹುಡುಗ ಮದುವಿ ಮಾಡ್ಕೊಳ್ತಾನ. ಇಲ್ಲಾಂದ್ರ ಎರಡು ಲಕ್ಷ ಕೊಡಸ್ತೀವಿ. ಮುಗಿಸಿಬಿಡ್ರಿ." ಆ ಹುಡುಗನೋ, ಅವನ ಬಾಯಿಂದ ಒಂದು ಶಬ್ದವೂ ಬರಲಿಲ್ಲ. ಬರುವ ಅಗತ್ಯವೇ ಬೀಳಲಿಲ್ಲ. ಅವನ ಪರವಾಗಿ ಹನ್ನೊಂದು ಜನ ಮಾತಾಡುತ್ತಿದ್ದರು, ಅವನು ಕಂಬಕ್ಕೊರಗಿ ಉಗುರು ಕಡಿಯುತ್ತಿದ್ದ.

ಆ ಹುಡುಗಿಗೆ ಎಂಟನೆಯ ಇಯತ್ತೆಯಲ್ಲಿ ಗಣಿತಕ್ಕೆ ನೂರಕ್ಕೆ ಎಂಬತ್ತೊಂದು ಬಂದಿತ್ತು. ಮೆರಿಟ್ಟಿನ ಸುದ್ದಿ ಕಟ್ಟೆಯ ಮೇಲೆ ಯಾರೂ ಎತ್ತಲಿಲ್ಲ.

ಈ ಒಂದೊಂದು ನೆಪಕ್ಕೂ ದೇಶದ ಕಾನೂನು ಎಂದೋ ಉತ್ತರ ಹೇಳಿದೆ ಎಂಬುದು ಇನ್ನೊಂದು ತಮಾಷೆ. ತಾನಾಗಿ ಕುಡಿದವನಿಗೆ ಕುಡಿತ ರಕ್ಷಣೆಯಲ್ಲ ಎಂಬುದು ಬ್ರಿಟಿಷರ ಕಾಲದ ದಂಡಸಂಹಿತೆಯಲ್ಲೇ ಇತ್ತು, 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲೂ ಇದೆ. ಹದಿನೆಂಟು ತುಂಬದವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 2012ರ ಪೋಕ್ಸೋ ಕಾಯಿದೆ ಹೇಳುತ್ತದೆ, ಕರೆನ್ಸಿ ಹಾಕಿಸಿಕೊಂಡರೂ ಅಷ್ಟೇ, ಟ್ರ್ಯಾಕ್ಟರ್ ಹತ್ತಿದರೂ ಅಷ್ಟೇ. ಮದುವೆಯ ಮಾತಂತೂ ಕೇಳಲೇಬೇಡಿ. ಬಾಲ್ಯವಿವಾಹ ನಡೆದರೂ ಅದು ಮೂಲದಿಂದಲೇ ಅಸಿಂಧು ಎಂದು ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿಕೊಂಡ ರಾಜ್ಯ. ಹದಿನೆಂಟರೊಳಗಿನ ಹೆಂಡತಿಯ ಮೇಲೂ ಅದು ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಅತ್ಯಾಚಾರದಲ್ಲಿ ರಾಜಿ ಎಂಬುದಿಲ್ಲ, ಮದುವೆ ಮಾಡಿಸಿ ಮುಗಿಸುವುದಿಲ್ಲ ಎಂದು 2015ರಲ್ಲೇ ಹೇಳಿತ್ತು. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ತಿಳಿಸದವರ ಮೇಲೂ ಕೇಸು. ಅಂದರೆ ಅಂದು ಆ ಕಟ್ಟೆಯ ಮೇಲೆ ಕೂತಿದ್ದ ಹನ್ನೊಂದು ಹಿರಿಯರೂ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥರ ಸಾಲಿಗೇ ಹತ್ತಿರ ಕೂತಿದ್ದರು. ನಾನು ಇದನ್ನು ಹೇಳಿದಾಗ ಒಬ್ಬರು, "ಅಕ್ಕೋರ, ಸಾಲಿಯಾಗಿನ ಪಾಠ ಸಾಲಿಯಾಗ ಇರಲಿ" ಎಂದರು. ಗೌರವದಿಂದಲೇ ಅಂದರು. ನಮ್ಮ ಕಡೆಯವರು ಶಿಕ್ಷಕಿಯರಿಗೆ ಬಹಳ ಮರ್ಯಾದೆ ಕೊಡುತ್ತಾರೆ.

ಅವ್ವ ಎರಡು ಲಕ್ಷ ಬೇಡ ಅಂದಳು. ಯಾರ ಉಪದೇಶವೂ ಇಲ್ಲದೆ ಅಂದಳು. ನಾನು ಅವಳ ಜೊತೆ ಠಾಣೆಗೆ ಹೋದೆ. ಯಾವ ಠಾಣೆ ಎಂಬುದೂ ಬೇಡ. ಅಲ್ಲಿ ಮೇಜಿನ ಹಿಂದಿದ್ದವರು ಬರೆದುಕೊಳ್ಳುವ ಮೊದಲು ಕೇಳಿದ ಪ್ರಶ್ನೆ: "ಹುಡುಗಿ ಫೋನ್ ಇಟ್ಕೊಂಡಿದ್ದಳೇನು?" ನೋಡಿ, ಕಟ್ಟೆಯಿಂದ ಠಾಣೆಗೆ ಹದಿನೆಂಟು ಕಿಲೋಮೀಟರು, ನೆಪ ನಮಗಿಂತ ಮೊದಲೇ ಅಲ್ಲಿ ಬಂದು ಕೂತಿತ್ತು. ದೂರು ದಾಖಲಿಸದ ಅಧಿಕಾರಿಗೇ ಶಿಕ್ಷೆ ಎಂಬ ಕಲಮು 2013ರಲ್ಲಿ ಬಂದಿದೆ ಎಂದು ನಾನು ಮೆಲ್ಲಗೆ ನೆನಪು ಮಾಡಿದ ಮೇಲೆ ಪೆನ್ನು ಹೊರಬಂತು.

ನೆಪ ಇನ್ನೂ ಮೇಲೆ ಹೋಗುತ್ತದೆ, ವಿಧಾನಸಭೆಯವರೆಗೆ ಹೋಗುತ್ತದೆ. 2015ರಲ್ಲಿ ಗೃಹಮಂತ್ರಿಯಾಗಿದ್ದ ಕೆ.ಜೆ. ಜಾರ್ಜ್, ಇಬ್ಬರು ಮಾಡಿದರೆ ಅದು ಸಾಮೂಹಿಕ ಅತ್ಯಾಚಾರ ಹೇಗಾದೀತು ಎಂದು ಲೆಕ್ಕ ಹಾಕಿದರು. 2017ರ ಹೊಸ ವರ್ಷದ ರಾತ್ರಿ ಬೆಂಗಳೂರಿನ ಬೀದಿಯಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈಹಾಕಿದಾಗ ಗೃಹಮಂತ್ರಿ ಪರಮೇಶ್ವರ ಅವರಿಗೆ ಕಂಡದ್ದು ಪಾಶ್ಚಾತ್ಯರ ಹಾಗೆ ಉಡುವ ಉಡುಪು. 2021ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಬಿದ್ದಾಗ ಗೃಹಮಂತ್ರಿ ಆರಗ ಜ್ಞಾನೇಂದ್ರ, ಅವರು ಆ ಹೊತ್ತಿನಲ್ಲಿ ನಿರ್ಜನ ಜಾಗಕ್ಕೆ ಹೋಗಬಾರದಿತ್ತು ಎಂದರು. ವಿರೋಧ ಪಕ್ಷದವರು ಟೀಕಿಸಿದ್ದಕ್ಕೆ, ಅವರು ತನ್ನ ಮೇಲೇ ಅತ್ಯಾಚಾರ ಮಾಡುತ್ತಿದ್ದಾರೆ ಎಂದೂ ಸೇರಿಸಿದರು. ಆಮೇಲೆ ಮಾತು ಹಿಂದಕ್ಕೆ ಪಡೆದರು. ಪಕ್ಷ ಬೇರೆ, ಕುರ್ಚಿ ಒಂದೇ. ಆ ಕುರ್ಚಿಯ ಮೇಲೆ ಕೂತವರೆಲ್ಲ ಪೊಲೀಸರ ಒಡೆಯರು ಎಂಬುದನ್ನು ಮರೆಯಬೇಡಿ. ನಮ್ಮ ಠಾಣೆಯ ಮೇಜಿನ ಹಿಂದಿನ ಪ್ರಶ್ನೆ ಎಲ್ಲಿಂದ ಇಳಿದು ಬಂತು ಎಂಬುದಕ್ಕೆ ನನಗಂತೂ ಸಂಶೋಧನೆ ಬೇಕಿಲ್ಲ.

ಅದೇ 2021ರ ಡಿಸೆಂಬರ್ 16ರಂದು ಬೆಳಗಾವಿಯ ಸುವರ್ಣಸೌಧದಲ್ಲಿ ಮಳೆಯಿಂದಾದ ಹಾನಿಯ ಚರ್ಚೆ ನಡೆದಿತ್ತು. ಬೆಳೆ ಕಳೆದುಕೊಂಡ ರೈತರಲ್ಲಿ ನಮ್ಮವರೂ ಇದ್ದರು. ಸಮಯ ಸಾಲದೆ ಸಭೆ ಗದ್ದಲವೆದ್ದಾಗ, ಸಭಾಧ್ಯಕ್ಷರಾಗಿದ್ದ ಕಾಗೇರಿಯವರು ಪರಿಸ್ಥಿತಿಯನ್ನು ಅನುಭವಿಸೋಣ ಎಂಬರ್ಥದ ಮಾತು ಆಡಿದರು. ಅದಕ್ಕೆ ಹಿಂದಿನ ಸಭಾಧ್ಯಕ್ಷ ರಮೇಶ್ ಕುಮಾರ್, ಅತ್ಯಾಚಾರ ತಪ್ಪಿಸಿಕೊಳ್ಳಲಾಗದಾಗ ಮಲಗಿ ಸುಖಪಡು ಎಂಬ ಹೊಲಸು ಹೇಳಿಕೆಯನ್ನು ತಂದು ಜೋಡಿಸಿದರು. ಮರುದಿನ ಕ್ಷಮೆ ಕೇಳಿದರು. ಅವರ ಕ್ಷಮೆ ಅವರಿಗಿರಲಿ. ಆ ಕ್ಷಣ ಸಭೆಯಲ್ಲಿ ನಗು ಎದ್ದಿತಲ್ಲ, ಸಭಾಧ್ಯಕ್ಷರೂ ನಕ್ಕರಲ್ಲ, ಆ ನಗುವಿಗೆ ಯಾರು ಕ್ಷಮೆ ಕೇಳಿದರು? ಟಿವಿಯಲ್ಲಿ ಅದನ್ನು ನೋಡಿದಾಗ ನನಗೆ ನಮ್ಮೂರ ಕಟ್ಟೆ, ಕಂಬಕ್ಕೊರಗಿದ ಆ ಮನುಷ್ಯ ನೆನಪಾದರು.

ನ್ಯಾಯಪೀಠವೂ ಹೊರತಲ್ಲ. 2020ರ ಜೂನಿನಲ್ಲಿ ನಮ್ಮ ಹೈಕೋರ್ಟು ಒಬ್ಬ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಡುತ್ತ, ಅತ್ಯಾಚಾರವಾದ ಮೇಲೆ ದಣಿದು ನಿದ್ದೆ ಹೋದೆ ಎಂಬ ಹೆಂಗಸಿನ ಮಾತು ಭಾರತೀಯ ನಾರಿಗೆ ತಕ್ಕದ್ದಲ್ಲ ಎಂದು ಬರೆಯಿತು. ಭಾರತೀಯ ನಾರಿ ಹೇಗೆ ನಿದ್ದೆ ಮಾಡಬೇಕು ಎಂಬ ಬಗ್ಗೆ ಕಾನೂನಿನಲ್ಲಿ ಕಲಮಿಲ್ಲ. ದೇಶದ ತುಂಬ ಹೆಂಗಸರು ಎದ್ದು ಕೇಳಿದರು, ಕೆಲವು ದಿನಗಳಲ್ಲೇ ಆ ಸಾಲನ್ನು ತೆಗೆಯಲಾಯಿತು. ಅದೇ ಹೈಕೋರ್ಟು 2022ರ ಮಾರ್ಚಿನಲ್ಲಿ, ಗಂಡನಾದರೂ ಸರಿ ಅತ್ಯಾಚಾರ ಅತ್ಯಾಚಾರವೇ ಎಂಬ ಧೈರ್ಯದ ತೀರ್ಪನ್ನೂ ಕೊಟ್ಟಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ವಿಚಾರಣೆಗೆ ಸುಪ್ರೀಂ ಕೋರ್ಟು ತಡೆ ಕೊಟ್ಟದ್ದು ಬೇರೆ ಮಾತು.

ಮರ್ಯಾದೆ ಕಾಯುವ ನೆಪ ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಅಸಹ್ಯವಾದದ್ದು. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿ, ಬೇರೆ ಧರ್ಮದವನ ಜೊತೆ ವಸತಿಗೃಹದಲ್ಲಿದ್ದಾಳೆ ಎಂದು ಒಂದು ಗುಂಪು ಕೋಣೆಗೆ ನುಗ್ಗಿತು. ತಮ್ಮ ಸಮುದಾಯದ ಮಾನ ಕಾಯಲು ಬಂದ ಗುಂಪು ಅದು. ಆ ಹೆಂಗಸನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು ಎಂಬುದು ಅವರ ಮೇಲಿರುವ ಆರೋಪ. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಏಳು ಆರೋಪಿಗಳು ಕಾರು, ಬೈಕುಗಳ ಮೆರವಣಿಗೆಯಲ್ಲಿ ಕೂಗುತ್ತ ಅಕ್ಕಿಆಲೂರಿಗೆ ಬಂದರು, ಕುಸ್ತಿ ಗೆದ್ದು ಬಂದವರಂತೆ. ಅದರ ವಿಡಿಯೋ ನೋಡಿ ಜನ ಸಿಟ್ಟಿಗೆದ್ದ ಮೇಲೆ ಪೊಲೀಸರು ಮತ್ತೆ ಪ್ರಕರಣ ದಾಖಲಿಸಿದರು. ಅಪರಾಧ ಸಾಬೀತಾಗುವುದು ಬಿಡುವುದು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಆ ಮೆರವಣಿಗೆಗೆ ಬೈಕು ತಂದವರು ಯಾರು? ಅವರ ಮೇಲೆ ಯಾವ ಆರೋಪವೂ ಇರಲಿಲ್ಲ. ಅವರು ನಮ್ಮ ನಿಮ್ಮಂಥವರು.

ಜಾತಿಯ ನೆಪವನ್ನು ಮುಟ್ಟದೆ ನಮ್ಮ ಸೀಮೆಯಲ್ಲಿ ಈ ಮಾತು ಪೂರ್ತಿಯಾಗದು. 1992ರಲ್ಲಿ ರಾಜಸ್ತಾನದ ಭಟೇರಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ ಅದೇ ಊರಿನ ಗಂಡಸರು ಬಿದ್ದರು. 1995ರಲ್ಲಿ ಜೈಪುರದ ನ್ಯಾಯಾಲಯ ಅವರನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮೇಲಿನ ಜಾತಿಯವರು ಕೆಳಜಾತಿಯವಳನ್ನು ಮುಟ್ಟುತ್ತಾರೆಯೇ ಎಂಬುದೂ ಅದರ ಕಾರಣಗಳಲ್ಲಿ ಒಂದು. ಇದನ್ನು ಮೊದಲು ಓದಿದಾಗ ನಾನು ಸಿಂದಗಿ ತಾಲೂಕಿನಲ್ಲಿದ್ದೆ. ನಮ್ಮ ಶಾಲೆಯ ಹತ್ತಿರದ ಚಹಾದಂಗಡಿಯಲ್ಲಿ ಎರಡು ಬಗೆಯ ಕಪ್ಪು ಇರುತ್ತಿದ್ದ ಕಾಲ. ಹಗಲು ಕಪ್ಪು ಮುಟ್ಟದವರು ರಾತ್ರಿ ಯಾರ ಗುಡಿಸಲ ಬಾಗಿಲು ಬಡಿಯುತ್ತಾರೆ ಎಂಬುದನ್ನು ಆ ಊರಿನ ನಾಯಿಗಳೂ ಹೇಳಬಲ್ಲವು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿಗಂತೂ 'ಬೇಡ' ಅನ್ನುವ ಹಕ್ಕೇ ಇಲ್ಲವೆಂದು ನಮ್ಮವರು ತಿಳಿದುಕೊಂಡು ಬಂದಿದ್ದಾರೆ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯಿದೆಯಲ್ಲೇ ನಿಷೇಧಿಸಿತು. ಆಕೆಯನ್ನು ದೇವರಿಗೆ ಬಿಟ್ಟಿದೆ ಎಂಬ ನೆಪಕ್ಕೆ ನಿಷೇಧ ತಟ್ಟಿಲ್ಲ. ಬಸವಣ್ಣ ಹುಟ್ಟಿದ ಮಣ್ಣು ಎಂದು ಬಾಗೇವಾಡಿಯಲ್ಲಿ ಭಾಷಣ ಬಿಗಿಯುವವರನ್ನು ಕೇಳಿ ಕೇಳಿ ನನ್ನ ಕಿವಿ ದಣಿದಿದೆ. 2024ರಲ್ಲಿ ಅವರನ್ನು ಸಾಂಸ್ಕೃತಿಕ ನಾಯಕ ಎಂದೂ ಘೋಷಿಸಿದರು. ಸಂತೋಷ. ಅಂಥ ಭಾಷಣ ಮುಗಿಸಿ ಹಾರ ಹಾಕಿಸಿಕೊಂಡು ಇಳಿದ ಒಬ್ಬರು ಅದೇ ಸಂಜೆ ರಾಜಿ ಪಂಚಾಯತಿಗೆ ಹೋಗುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ಸಿಟ್ಟೇ ಬೇಡವೇ? ಬೇಕು. ಸಿಟ್ಟು ಎಲ್ಲಿ ಬೀಳುತ್ತದೆ ಎಂಬುದು ನನ್ನ ಪ್ರಶ್ನೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದಲ್ಲಿ, ಅವಳ ಮೈಮೇಲೆ ಗಾಯವಿಲ್ಲ, ಅವಳು ಕೂಗಿಕೊಳ್ಳಲಿಲ್ಲ ಎಂದು ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಆ ನೆಪವನ್ನು ಸಾಲು ಸಾಲಾಗಿ ಹರಿದು ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು, ಠಾಣೆಯಲ್ಲಾದ ಅತ್ಯಾಚಾರದಲ್ಲಿ ಒಪ್ಪಿಗೆ ಇರಲಿಲ್ಲ ಎಂಬ ಹೆಂಗಸಿನ ಮಾತನ್ನೇ ನಂಬಿ ಶುರುಮಾಡಬೇಕೆಂದಾಯಿತು. ಹೆಂಗಸಿನ ನಡತೆ ಸರಿಯಿಲ್ಲ ಎಂದು ತೋರಿಸಲು ಆರೋಪಿಗೆ ಅವಕಾಶ ಕೊಟ್ಟಿದ್ದ ಸಾಕ್ಷ್ಯ ಕಾಯಿದೆಯ ಕಲಮು ಈ ಶತಮಾನದ ಮೊದಲ ವರ್ಷಗಳವರೆಗೂ ಉಸಿರಾಡಿ ಆಮೇಲೆ ಸತ್ತಿತು. ಅದು ಒಂದು ಬಗೆಯ ಸಿಟ್ಟು, ನೆಪದ ಕತ್ತು ಹಿಡಿದ ಸಿಟ್ಟು. ಇನ್ನೊಂದು ಬಗೆ 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಹೊರಗೆ ಕಂಡಿತು. ಪೊಲೀಸರು ನಾಲ್ವರು ಆರೋಪಿಗಳನ್ನು ಗುಂಡಿಟ್ಟು ಕೊಂದರು, ಜನ ಪೊಲೀಸರ ಮೇಲೆ ಹೂವು ಸುರಿದರು. ಸುಪ್ರೀಂ ಕೋರ್ಟು ನೇಮಿಸಿದ ಆಯೋಗ 2022ರಲ್ಲಿ ಆ ಪೊಲೀಸರ ಕಥೆಯನ್ನು ನಂಬಲಿಲ್ಲ. ಹೂವು ಸುರಿಯುವವರು ಕೈ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ಅವರ ಮನೆಯ ಪಕ್ಕದ ಹುಡುಗಿ ಬಾಯಿ ತೆರೆಯಲು ಅದರಿಂದ ಧೈರ್ಯ ಬಂದದ್ದನ್ನು ನಾನು ಕಾಣೆ. ಬದಲಿಗೆ, ಹುಡುಗನನ್ನು ಕೊಂದುಬಿಡುತ್ತಾರೆ ಎಂದು ಹೆದರಿಸಿ ಅವಳ ಬಾಯಿ ಇನ್ನಷ್ಟು ಮುಚ್ಚಿಸುವುದನ್ನು ಕಂಡಿದ್ದೇನೆ. ಏಕೆಂದರೆ ಮಾಡಿದವನು ಕಾಡಿನಿಂದ ಬಂದವನಲ್ಲ. 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರದ ಪ್ರಕರಣ 31,516. ವರ್ಷ ವರ್ಷವೂ ಸರಕಾರಿ ಲೆಕ್ಕ ಹೇಳುವುದು ಒಂದೇ: ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಅವಳಿಗೆ ಗೊತ್ತಿದ್ದವನೇ, ನೆರೆಯವನೋ ನೆಂಟನೋ ಧಣಿಯೋ. 'ರಾತ್ರಿ ಒಬ್ಬಳೇ ಯಾಕೆ ಹೊರಗೆ ಹೋದಳು' ಎಂದು ಕೇಳುವವರಿಗೆ ನಾನು ತಿರುಗಿ, 'ಹಗಲು ಮನೆಯಲ್ಲಿ ಯಾಕೆ ಇದ್ದಳು' ಎಂದು ಕೇಳುತ್ತೇನೆ.

2017ರ ಡಿಸೆಂಬರಿನಲ್ಲಿ ನಮ್ಮ ವಿಜಯಪುರದಲ್ಲೇ ಒಬ್ಬ ದಲಿತ ಶಾಲಾ ಬಾಲಕಿಯ ಮೇಲೆ ಅತ್ಯಾಚಾರ ಮಾಡಿ ಕೊಂದಾಗ ಜಿಲ್ಲೆ ಹೊತ್ತಿ ಉರಿಯಿತು, ರಾಜ್ಯದ ಊರೂರಲ್ಲಿ ಮಕ್ಕಳು ಮೇಣದಬತ್ತಿ ಹಿಡಿದು ನಡೆದರು. ನನ್ನ ವಿದ್ಯಾರ್ಥಿನಿಯರೂ ನಡೆದರು. ಮೆರವಣಿಗೆಯಿಂದ ಬಂದ ಮರುದಿನ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಅಕ್ಕೋರ, ನಿನ್ನೆ ಮುಂದ ನಿಂತು ಘೋಷಣೆ ಕೂಗಿಸಿದವ್ರು ದಿನಾ ಬಸ್ ಸ್ಟ್ಯಾಂಡಿನಾಗ ನಮಗ ಸೀಟಿ ಹೊಡೀತಾರಲ್ರಿ?" ನಾನು ಅವಳಿಗೆ, ಹೌದು, ಅದನ್ನು ಹೆಸರು ಹಿಡಿದು ಬರೆದುಕೊಡು ಅಂದೆ. ಬರೆದುಕೊಟ್ಟಳು. ಅದರ ಮೇಲೆ ಒಂದು ಪಾಲಕರ ಸಭೆ ಆಯಿತು. ಒಬ್ಬ ತಂದೆ ಎದ್ದು, ಸೀಟಿ ಹೊಡೆಯುವುದೂ ಒಂದು ಅಪರಾಧವೇನ್ರಿ, ವಯಸ್ಸು ಅಂದ. ಅವನ ಹೆಂಡತಿ ಅವನ ಪಕ್ಕದಲ್ಲೇ ಕೂತಿದ್ದಳು. ಅವಳು ಎದ್ದು ಆಚೆ ಬದಿಯ ಕುರ್ಚಿಗೆ ಹೋಗಿ ಕೂತಳು. ಮಾತೇನೂ ಆಡಲಿಲ್ಲ.

ಗಣಿತದ ಹುಡುಗಿಯ ಮೊಕದ್ದಮೆ ವಿಜಯಪುರದ ನ್ಯಾಯಾಲಯದಲ್ಲಿ ಏನಾಯಿತು, ಎಷ್ಟು ತಾರೀಖು ಬಿತ್ತು ಎಂದು ಬರೆದರೆ ಊರು ಗುರುತು ಹಿಡಿಯುತ್ತದೆ. ಅವಳ ಹೆಸರು, ಶಾಲೆ, ಮನೆತನ ಅಚ್ಚು ಹಾಕಬಾರದು ಎಂದು ಕಾನೂನೂ ಹೇಳುತ್ತದೆ. ಅವಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದಳು, ಮುಂದೆಯೂ ಓದಿದಳು ಎಂಬಷ್ಟನ್ನು ಹೇಳಬಹುದು. ಊರಿಗೆ ಮಾತ್ರ ಬರುವುದಿಲ್ಲ. ಬಂದರೆ ಜನ ನೋಡುತ್ತಾರೆ ಎಂದು ಅವ್ವನೇ ಹಬ್ಬಕ್ಕೆ ಅವಳಿದ್ದಲ್ಲಿಗೆ ಹೋಳಿಗೆ ಕಟ್ಟಿಕೊಂಡು ಹೋಗುತ್ತಾಳೆ. ಅವನ ಹೆಸರಿಗೆ ಅಂಥ ಯಾವ ಮುಸುಕೂ ಬೇಕಾಗಲಿಲ್ಲ. ಜಾಮೀನಿನ ಮೇಲೆ ಬಂದ ವರ್ಷ ಜಾತ್ರೆಗೆ ಸ್ವಾಗತ ಕೋರುವ ಫ್ಲೆಕ್ಸು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದ್ದರು. ಹನ್ನೊಂದು ಹಿರಿಯರ ಫೋಟೋ ಮೇಲಿನ ಸಾಲಿನಲ್ಲಿ, ಕರಿ ಕನ್ನಡಕ ಹಾಕಿಕೊಂಡ ಅವನ ಫೋಟೋ ಕೆಳಗೆ ನಡುವಿನಲ್ಲಿ, ಎಲ್ಲರಿಗಿಂತ ದೊಡ್ಡದು.